ಗುಡಿಯ ಬಿಸಿಲು, ತಾರಸಿಯ ಟವೆಲು

ಕಟಿಂಗ್ ಅಂಗಡಿಯವನು ತನ್ನ ಮನೆಯ ತಾರಸಿಯ ಮೇಲೆ ನಿಂತು ಒದ್ದೆ ಟವೆಲುಗಳನ್ನು ಕೊಡವಿ ಕೊಡವಿ ಹಗ್ಗಕ್ಕೆ ಹಾಕುತ್ತಿದ್ದ. ನಿನ್ನೆ ಗಿರಾಕಿ ಜಾಸ್ತಿ, ಹಾಗಾಗಿ ಟವೆಲೂ ಜಾಸ್ತಿ. ಇನ್ನೊಂದು ಹಗ್ಗ ಕಟ್ಟಲು ಅಡ್ಡವಾಗಿದ್ದ ಅಂಗಡಿಯ ಹಳೇ ಕನ್ನಡಿಯನ್ನು, ತಂಟೆ ಮಾಡಿದ ಹುಡುಗನನ್ನು ನಿಲ್ಲಿಸುವ ಹಾಗೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ.

ಕೊನೆಯ ಟವೆಲು ಕೈಯಲ್ಲಿರುವಾಗಲೇ ಕೆಳಗಿನಿಂದ ಕೂಗು ಬಂತು.

"ಏಯ್, ದೇವರಿಗೇ ಪರದೆ ಕಟ್ಟಿದ್ದೀಯಲ್ಲೋ!"

ಬಗ್ಗಿ ನೋಡಿದರೆ ಪಕ್ಕದ ಸೂರ್ಯದೇವರ ಗುಡಿಯ ಅರ್ಚಕರು. ಅವರ ಹಿಂದೆ ರಿಟೈರಾದ ಮೇಷ್ಟ್ರು, ಮೇಷ್ಟ್ರ ಹಿಂದೆ ಅರ್ಧ ಬೀದಿ.

ಆ ಗುಡಿಯ ಕತೆ ಬೀದಿಗೆಲ್ಲ ಗೊತ್ತು. ಮೊದಲೆಲ್ಲ ಬೆಳಗಿನ ಕಿರಣ ಬಾಗಿಲಿನಿಂದ ನೇರ ಬಂದು ಮೂರ್ತಿಯ ಮುಖ ಮುಟ್ಟುತ್ತಿತ್ತು. ಪೂರ್ವಕ್ಕೆ ಭಾರೀ ಕಟ್ಟಡ ಎದ್ದಿತು, ಗರ್ಭಗುಡಿ ಕತ್ತಲಾಯಿತು. ಕಟ್ಟಡದವನ ಮೇಲೆ ದೂರು ಬರೆಯಲು ಕೂತ ಮೇಷ್ಟ್ರು ಕಾಗುಣಿತ ತಿದ್ದುತ್ತಲೇ ಉಳಿದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ಕಿರಣ ಪಕ್ಕದ ಕಿಟಕಿಯಿಂದ ನುಗ್ಗಿ ದೇವರ ಮುಖಕ್ಕೆ ಬಿತ್ತು! ದೇವರೇ ದಾರಿ ಬದಲಿಸಿದ ಅಂತ ಜನ ಕೆನ್ನೆ ಬಡಿದುಕೊಂಡರು. ದೂರಿನ ಮಾತು ನಿಂತಿತು. ಮೇಷ್ಟ್ರು ತಿದ್ದುವುದು ಮಾತ್ರ ನಿಲ್ಲಲಿಲ್ಲ. ಅವರ ಜೇಬಿನಲ್ಲಿ ಯಾವಾಗಲೂ ಒಂದು ಕಾಗದ ಇಣುಕುತ್ತಿತ್ತು.

"ಇವತ್ತು ಕಿರಣ ಬಂದಿಲ್ಲ. ನಿನ್ನ ಟವೆಲೇ ಅಡ್ಡ!" ಅಂದರು ಅರ್ಚಕರು.

"ಏಳು ಕುದುರೆ ಕಟ್ಕೊಂಡು ಬರೋ ದೇವರು ಸ್ವಾಮೀ, ನನ್ನ ಒಂದು ಟವೆಲ್ ದಾಟೋಕಾಗಲ್ವಾ?"

"ಬಾಯಿ ನೋಡು ಇವನದು! ಗಡ್ಡ ಒರೆಸಿದ ಬಟ್ಟೆ ದೇವರ ಮುಂದೆ!"

"ಅದರಲ್ಲಿ ನಿಮ್ಮ ಗಡ್ಡಾನೂ ಒರೆಸಿದ್ದೀನಿ!"

ಜನ ನಕ್ಕರು. ಅದೇ ತಪ್ಪಾಯಿತು. ಅರ್ಚಕರು ಕೆಂಪಗಾಗಿ ಮೆಟ್ಟಿಲು ಹತ್ತಿದರು, ಬೀದಿಯೂ ಹತ್ತಿತು. ಒಗೆದ ಟವೆಲುಗಳೆಲ್ಲ ಧೂಳಿಗೆ ಬಿದ್ದವು.

"ಅಯ್ಯೋ, ಇವು ಒಣಗದಿದ್ರೆ ನಾನು ಅಂಗಡಿ ತೆಗೆಯೋದು ಹೇಗ್ರೀ? ಮನೆಯೊಳಗೆ ಬಿಸಿಲಿನ ಸುಳಿವೇ ಇಲ್ಲ!" ಅಂತ ಅವನು ಬಡಕೊಂಡರೂ ಯಾರ ಕಿವಿಗೂ ಬೀಳಲಿಲ್ಲ.

ಟವೆಲು ಹೋದರೂ ಕಿರಣ ಬರಲಿಲ್ಲ.

"ದೇವರಿಗೆ ಮುನಿಸು ಬಂದಿದೆ. ಈ ತಾರಸಿಗೇ ಬೀಗ ಜಡಿಸಬೇಕು," ಅಂದರು ಮೇಷ್ಟ್ರು.

"ಇನ್ನು ಇದೊಂದನ್ನ ಒಡೆದು ಹಾಕ್ತೀರಾ?" ಅಂತ ಗದ್ದಲ ಕೇಳಿ ಮೇಲೆ ಬಂದ ಅವನ ಹೆಂಡತಿ ಸಿಡಿದು, ಕನ್ನಡಿಯನ್ನು ಎತ್ತಿ ಮೊದಲಿದ್ದ ಮೂಲೆಗೇ ಒರಗಿಸಿದಳು.

ಗುಡಿಯೊಳಗಿಂದ ಯಾರೋ ಕೂಗಿದರು: "ಬಂತು! ಬಂತು!"

ತಾರಸಿಯಲ್ಲಿದ್ದ ಜನವೆಲ್ಲ ದಡಬಡ ಕೆಳಗೋಡಿತು. ಕಟಿಂಗ್ ಅಂಗಡಿಯವನು ಕನ್ನಡಿಯನ್ನೇ ನೋಡಿದ. ಮೆಲ್ಲಗೆ ವಾಲಿಸಿದ.

"ಹೋಯ್ತು!"

ಸರಿ ಮಾಡಿದ.

"ಬಂತು!"

ಇನ್ನಷ್ಟು ವಾಲಿಸಿದ. ಬೆಳಕು ಗುಡಿಯ ಕಿಟಕಿ ಬಿಟ್ಟು, ಅಂಗಳದಲ್ಲಿ ನಿಂತಿದ್ದ ಅರ್ಚಕರ ಬೋಳು ತಲೆಯ ಮೇಲೆ ಕುಣಿಯಿತು. ಅಂಗಡಿಗೆ ಹೊಸ ಕನ್ನಡಿ ತಂದು ಹಳೇದನ್ನು ತಾರಸಿಗೆ ಹಾಕಿದ ಮಾರನೇ ದಿನವೇ ಅಲ್ಲವೇ ದೇವರು ದಾರಿ ಬದಲಿಸಿದ್ದು!

"ಎಲ್ರೂ ಕೇಳಿ! ನಿಮ್ಮ ಪವಾಡ ನನ್ನ..." ಅಂತ ಅವನು ಗಂಟಲು ಹರಿಯುವ ಹಾಗೆ ಕೂಗುವಷ್ಟರಲ್ಲಿ, ಕೆಳಗಿನಿಂದಲೇ ಕನ್ನಡಿ ಕಂಡಿದ್ದ ಅರ್ಚಕರು ಮೇಲೆ ಹಾರಿಬಂದು ಬಾಯಿ ಮುಚ್ಚಿದರು. ಮೇಷ್ಟ್ರು ಏದುಸಿರು ಬಿಡುತ್ತ ಹಿಂದೆಯೇ ಬಂದರು.

"ಅಣ್ಣಾ, ನಿನ್ನ ದಮ್ಮಯ್ಯ, ಜನಕ್ಕೆ ಗೊತ್ತಾಗೋದು ಬೇಡ." ಆಗ ಅರ್ಚಕರಿಗೆ 'ಏಯ್' ಆಗಿದ್ದವನು ಈಗ ಅಣ್ಣ.

"ಸೂರ್ಯನ್ನ ನುಂಗಿದೋನು ಆ ಕಟ್ಟಡದೋನು, ಬೈಸ್ಕೊಳ್ಳೋನು ನಾನಾ? ಮೇಷ್ಟ್ರೇ, ಮೊದಲು ಆ ಕಾಗದ ಹೋಗಲಿ!"

"ಇವತ್ತೇ ಹೋಗಲಪ್ಪ," ಅಂತ ಮೇಷ್ಟ್ರು ಜೇಬಿನ ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟರು. "ಅಂಚೆ ಡಬ್ಬಿ ನಿನ್ನ ಅಂಗಡಿ ಪಕ್ಕದಲ್ಲೇ ಅಲ್ವಾ? ನಡಿ, ನಾನೂ ಬರ್ತೀನಿ."

ಒಂದು ಕೈಯಲ್ಲಿ ಧೂಳು ಮೆತ್ತಿದ ಟವೆಲುಗಳ ಬಕೆಟ್, ಇನ್ನೊಂದರಲ್ಲಿ ಲಕೋಟೆ. ಎದೆಯುಬ್ಬಿಸಿಕೊಂಡು ನಡೆದು, ಲಕೋಟೆಯನ್ನು ಡಬ್ಬಿಯ ಬಾಯಿಗಿಟ್ಟ.

"ಕಟ್ಟಡದೋನಿಗೆ ಸರಿಯಾಗಿ ಬಿಸಿ ಮುಟ್ಟೋ ಹಾಗೆ ಬರೆದಿದ್ದೀರಾ ಮೇಷ್ಟ್ರೇ?"

"ಆ ದೂರಾ? ಅದನ್ನ ಹರಿದು ಯಾವ ಕಾಲವಾಯ್ತು! ಇದು ಗುಡಿಗಳನ್ನ ನೋಡ್ಕೊಳ್ಳೋ ದೊಡ್ಡ ಸಾಹೇಬರಿಗೆ. 'ಕಿರಣ ಪ್ರತಿದಿನ ತಪ್ಪದೆ ದೇವರ ಮುಖಕ್ಕೆ ಬೀಳುತ್ತದೆ, ಯಾವತ್ತು ಬೇಕಾದರೂ ಬಂದು ನೋಡಿ' ಅಂತ ಬರೆದಿದ್ದೀನಿ. ಎಲ್ಲಿ ತಪ್ಪಿಬಿಡುತ್ತೋ ಅಂತ ಹೆದರಿ ಇಷ್ಟು ದಿನ ಕಳಿಸಿರಲಿಲ್ಲ. ಈಗ ದಿನಾ ಬೆಳಿಗ್ಗೆ ಕನ್ನಡಿ ಹಿಡಿಯೋಕೆ ನೀನಿದ್ದೀಯಲ್ಲ! ಟವೆಲ್ ಮಾತ್ರ ಅಲ್ಲಿ ಹಾಕಬೇಡಪ್ಪ, ಅಡ್ಡ ಬರುತ್ತೆ."

ಅವನಿಗೆ ಮೈಯೆಲ್ಲ ಉರಿಯಿತು. ಹಿಂದಕ್ಕೆ ಎಳೆಯಲು ಹೋದ. ಲಕೋಟೆ ಜಾರಿ ಡಬ್ಬಿಯ ತಳಕ್ಕೆ ಟಪ್ಪೆಂದು ಬಿತ್ತು.