ದೇವದುರ್ಗದ ಎರಡು ಪರಮಾಣುಗಳು

ಸನ್ ೧೯೪೫ರ ಅಕ್ಟೋಬರ್ ತಿಂಗಳವರೆಗೆ ದೇವದುರ್ಗ ತಾಲ್ಲೂಕಿನಲ್ಲಿ ಪರಮಾಣುಗಳು ಇರಲಿಲ್ಲ. ಇದ್ದಿದ್ದರೆ ಯಾವುದಾದರೊಂದು ದಫ್ತರದ ಯಾವುದಾದರೊಂದು ರಜಿಸ್ಟರಿನಲ್ಲಿ ನಮೂದಾಗಿರುತ್ತಿದ್ದವು. ರಜಿಸ್ಟರುಗಳನ್ನೆಲ್ಲ ತೆಗೆದು ನೋಡಲಾಗಿದೆ. ಪರವಾನಗಿ ಇದ್ದ ಬಂದೂಕು ಏಳು ಇದ್ದವು, ಒಂಟೆ ಒಂದಿತ್ತು, ಪರಮಾಣು ಇರಲಿಲ್ಲ.

ಜಪಾನಿನ ಮೇಲೆ ಬಿದ್ದ ಬಾಂಬಿನ ಸುದ್ದಿ ಪತ್ರಿಕೆಗಳಲ್ಲಿ ಬಂದು ಹಳತಾದ ಮೇಲೆ, ರಾಯಚೂರಿನಲ್ಲಿದ್ದ ಅಪಾಯಕಾರಿ ಪದಾರ್ಥಗಳ ಗಣತಿ ದಫ್ತರ ಎಚ್ಚರಗೊಂಡಿತು. ಅದುವರೆಗೆ ಆ ದಫ್ತರ ಪಟಾಕಿ ಎಣಿಸುತ್ತಿತ್ತು. ಅದು ಹೊರಡಿಸಿದ ಹುಕುಂ ಹೀಗಿತ್ತು:

"ಪರಮಾಣುಗಳನ್ನು ಸ್ವಾಧೀನದಲ್ಲಿ ಇಟ್ಟುಕೊಂಡಿರುವವರು ಅವುಗಳ ಸಂಖ್ಯೆ, ಇಟ್ಟ ಜಾಗ ಹಾಗೂ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಎಂಟು ದಿನಗಳೊಳಗೆ ತಿಳಿಸತಕ್ಕದ್ದು. ಇಲ್ಲದವರು ಇಲ್ಲವೆಂದು ತಿಳಿಸತಕ್ಕದ್ದು. ಇದೆಯೋ ಇಲ್ಲವೋ ಗೊತ್ತಿಲ್ಲದವರು ಇಲ್ಲವೆಂದೇ ತಿಳಿಸತಕ್ಕದ್ದು."

ಹುಕುಮಿನ ಉರ್ದು ಪ್ರತಿಯಲ್ಲಿ ಪರಮಾಣುವಿಗೆ 'ಜೌಹರ್' ಎಂದಿತ್ತು. ಆ ಮಾತಿಗೆ ರತ್ನವೆಂಬ ಅರ್ಥವೂ ಇರುವುದರಿಂದ ಪೇಟೆಯ ಮೂವರು ಅಕ್ಕಸಾಲಿಗರು ಅದೇ ದಿನ ಅಂಗಡಿ ಮುಚ್ಚಿ ಬೀಗರ ಊರಿಗೆ ಹೋದರು. ಉಳಿದವರು ಕಾನೂನಿಗೆ ತಲೆಬಾಗಿದರು. ಗಿರಣಿಯವರು ಇಲ್ಲವೆಂದು ಬರೆದರು. ಗುಡಿಯವರು ಇಲ್ಲವೆಂದು ಬರೆದರು. ಪೊಲೀಸ್ ಠಾಣೆಯವರು 'ಇತ್ತು, ಕಳುವಾಗಿದೆ' ಎಂದು ಬರೆದು, ಆಮೇಲೆ ಹೊಡೆದುಹಾಕಿ ಇಲ್ಲವೆಂದು ಬರೆದರು.

ಇದೆ ಎಂದು ಬರೆದವರು ಜಗನ್ನಾಥಾಚಾರ್ಯರು ಒಬ್ಬರೇ.

ಸರಕಾರದ ಅನುದಾನವಿದ್ದ ಊರಿನ ಖಾಸಗಿ ಹೈಸ್ಕೂಲಿನಲ್ಲಿ ಅವರು ಹನ್ನೊಂದು ವರ್ಷದಿಂದ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು. ಪುಸ್ತಕ ಉರ್ದುವಿನಲ್ಲಿತ್ತು, ಮಕ್ಕಳು ಕನ್ನಡದಲ್ಲಿದ್ದರು, ಮಾಸ್ತರರು ನಡುವೆ ನಿಂತಿದ್ದರು. ಸುಳ್ಳು ಹೇಳುವುದು ಅವರಿಗೆ ಪಾಪವೆನ್ನುವುದಕ್ಕಿಂತ ಹೆಚ್ಚಾಗಿ ತ್ರಾಸಿನ ಕೆಲಸವಾಗಿತ್ತು. ಹೇಳಿದರೆ ಎರಡು ದಿನ ಊಟ ಸೇರುತ್ತಿರಲಿಲ್ಲ.

"ಎಲ್ಲಾರೂ ಇಲ್ಲ ಅಂತ ಬರದಾರ. ನೀವೂ ಇಲ್ಲ ಅಂತ ಬರದು ಕೈ ತೊಳಕೋರಿ," ಎಂದರು ಅವರ ಹೆಂಡತಿ ತುಳಸಿಬಾಯಿ.

"ಹೆಂಗ ಬರೀಲಿ? ಬರಿಯೋ ಕಾಗದಾನೂ ಪರಮಾಣುದ್ದ, ಶಾಯಿನೂ ಪರಮಾಣುದ್ದ."

"ಕಾಗದ ಏನು ಹೋಗಿ ಚಾಡಿ ಹೇಳತದೇನು?"

ಮಾಸ್ತರರು ಬರೆದರು: 'ಶಾಲೆಯಲ್ಲಿ ಪರಮಾಣುಗಳಿವೆ. ಎಣಿಸಲು ಬರುವುದಿಲ್ಲ. ಬೀಗವಿಲ್ಲ.'

ನಾಲ್ಕನೆಯ ದಿನ ಗಣತಿ ದಫ್ತರದ ಸೂಪರಿಂಟೆಂಡೆಂಟ್ ವೆಂಕೋಬರಾಯರು ಇಬ್ಬರು ಜವಾನರನ್ನೂ ಗುಮಾಸ್ತ ಜಿಲಾನಿ ಪಾಷಾರನ್ನೂ ಕರೆದುಕೊಂಡು ಬಸ್ಸಿನಿಂದ ಇಳಿದರು. ಜಿಲಾನಿ ಪಾಷಾರ ಅಕ್ಷರ ಮುತ್ತಿನಂತಿತ್ತು. ಸಾಹೇಬರು ಆಡಿದ್ದನ್ನೆಲ್ಲ ಅವರು ಬರೆಯುತ್ತಿದ್ದರು, ಕೆಮ್ಮನ್ನು ಮಾತ್ರ ಬಿಡುತ್ತಿದ್ದರು.

ಮ್ಯಾಟ್ರಿಕ್ ತರಗತಿಯಲ್ಲಿ ಅಂದು ಉಪ್ಪಿನ ಪಾಠವಿತ್ತು. ಕರಿಹಲಗೆಯ ಮೇಲೆ ಎರಡು ಪರಮಾಣುಗಳ ಚಿತ್ರವಿತ್ತು: ನಡುವೆ ಬೀಜ, ಸುತ್ತ ಮೂರು ಮೂರು ಉಂಗುರ, ಉಂಗುರಗಳ ಮೇಲೆ ಸುಣ್ಣದ ಕಡ್ಡಿಯ ಚುಕ್ಕೆಗಳು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತರು. ಮಾಸ್ತರರು ಪಾಠ ನಿಲ್ಲಿಸಲಿಲ್ಲ.

"ಇದು ಸೋಡಿಯಂ. ಒಳಗಿನ ಉಂಗುರದಾಗ ಎರಡು ಎಲೆಕ್ಟ್ರಾನು, ನಡುವಿಂದ್ರಾಗ ಎಂಟು, ಹೊರಗ ಒಂದ ಒಂದು. ಆ ಒಂದರಿಂದ ಇದಕ್ಕ ಸುಖ ಇಲ್ಲ. ಇದು ಕ್ಲೋರಿನ್. ಎರಡು, ಎಂಟು, ಹೊರಗ ಏಳು. ಎಂಟಾಗಲಿಕ್ಕೆ ಒಂದು ಕಡಿಮಿ ಬಿದ್ದದ. ಸೋಡಿಯಂ ಕೊಡತದ, ಕ್ಲೋರಿನ್ ತಗೋತದ. ಕೊಟ್ಟಿದ್ದು ಧನ ಅಯಾನು, ತಗೊಂಡಿದ್ದು ಋಣ ಅಯಾನು. ಧನ, ಋಣ ಎರಡೂ ಒಂದನ್ನೊಂದು ಜಗ್ಗಿ ಹಿಡಕೋತಾವ. ಅದ ಅಯಾನಿಕ ಬಂಧ. ಅದ ಉಪ್ಪು."

ವೆಂಕೋಬರಾಯರು ಎದ್ದು ನಿಂತರು. "ಮಾಸ್ತರ, ಇಲ್ಲೇನೋ ತಪ್ಪು ಆಗೇದ. ಕೊಟ್ಟಾವಗ ಹೆಂಗ ಧನ ಆಗತದ? ಇಪ್ಪತ್ತು ವರ್ಷ ದಫ್ತರದಾಗ ನೋಡೀನಿ. ತಗೊಂಡಾವಗ ಧನ."

"ದಫ್ತರದಾಗ ಹಂಗ ಇರಬಹುದ್ರೀ. ಉಪ್ಪಿನ್ಯಾಗ ಹಿಂಗ."

ಜಿಲಾನಿ ಪಾಷಾ ಎರಡನ್ನೂ ಬರೆದುಕೊಂಡರು.

ಮೇಜಿನ ಮೇಲೆ ಉಪ್ಪಿನ ಶೀಶೆ ಇತ್ತು. ಸಾಹೇಬರು ಅದನ್ನು ನೋಡಿ ವಿಚಾರಣೆ ಸುರುಮಾಡಿದರು. "ಬರೇ ಸೋಡಿಯಂ ನೀರಾಗ ಹಾಕಿದ್ರ?"

"ಉರೀತದ್ರೀ. ಒಮ್ಮೊಮ್ಮೆ ಸಿಡೀತದ."

"ಬರೇ ಕ್ಲೋರಿನ್?"

"ವಿಷದ ಗಾಳಿ. ಹಿಂದಿನ ಲಡಾಯಿದಾಗ ಬಿಟ್ಟಿದ್ರು."

"ಎರಡೂ ಈ ಶೀಶೆದಾಗ ಅವ?"

"ಅವ. ಆದ್ರ ಕೂಡಿಕೊಂಡು ತಣ್ಣಗ ಅವ."

"ತಣ್ಣಗ ಇರತಾವ ಅಂತ ಬರದು ಕೊಟ್ಟಾವೇನು?" ಎಂದು ಸಾಹೇಬರು ಬೆಂಚನ್ನು ಹಿಂದಕ್ಕೆ ಸರಿಸಿದರು. "ಇಂಥಾದ್ದು ಮತ್ತೆ ಎಲ್ಲೆಲ್ಲಿ ಅದ?"

"ಎಲ್ಲಾರ ಮನ್ಯಾಗ ಅದ. ಮುಂಜಾನಿ ತಾವು ತಿಂದ ಉಪ್ಪಿಟ್ಟಿನ್ಯಾಗೂ ಅದ."

ಸಾಹೇಬರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಜಿಲಾನಿ ಪಾಷಾ ಲೇಖನಿ ಎತ್ತಿ, "ಇದನ್ನ ಬರೀಲ್ರೀ ಸಾಹೇಬ್ರ?" ಎಂದು ಕೇಳಿದರು.

"ಅದು ಬ್ಯಾಡ."

ಅಂದೇ ಶಾಲೆಗೆ ಮೊಹರು ಬಿತ್ತು. ಮಾಸ್ತರರ ಕೈಗೆ ನೋಟೀಸು ಬಂತು. ಶಾಲೆಯಲ್ಲಿ ಪರಮಾಣುಗಳಿದ್ದರೆ, ಪರವಾನಗಿ ಇಲ್ಲದೆ ಇಟ್ಟುಕೊಂಡ ಅಪರಾಧಕ್ಕೆ ಎರಡು ವರ್ಷ ಸಜೆ. ಇಲ್ಲದಿದ್ದರೆ, ಇಲ್ಲದ ವಸ್ತುವನ್ನು ಹನ್ನೊಂದು ವರ್ಷ ಕಲಿಸಿ ಸರಕಾರದ ಪಗಾರ ತಿಂದ ಅಪರಾಧಕ್ಕೆ ನೌಕರಿಯಿಂದ ವಜಾ. ಎರಡರಲ್ಲಿ ತಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುವ ಪೂರ್ಣ ಸ್ವಾತಂತ್ರ್ಯ ಮಾಸ್ತರರಿಗೆ ಉಂಟೆಂದು ಕೊನೆಯಲ್ಲಿ ಬರೆದಿತ್ತು.

ಮಾಸ್ತರರು ಎರಡು ವಾರ ಮನೆಯಲ್ಲಿ ಕುಳಿತರು. ಮ್ಯಾಟ್ರಿಕ್ಕಿಗೆ ಇಪ್ಪತ್ಮೂರು ಮಂದಿ ಕಟ್ಟಿದ್ದರು. ಪರೀಕ್ಷೆ ಮಾರ್ಚಿನಲ್ಲಿತ್ತು. ಒಂದು ಮುಂಜಾನೆ ಶಾಲೆಯ ಅಧ್ಯಕ್ಷರೂ ಅಕ್ಕಿ ಗಿರಣಿಯ ಮಾಲೀಕರೂ ಆದ ಶಂಭುಲಿಂಗಪ್ಪನವರು ರಾಯಚೂರಿನಿಂದ ಜಿಲಾನಿ ಪಾಷಾರನ್ನು ಜೊತೆಗೆ ಕರೆದುಕೊಂಡು ಬಂದರು.

"ಆಚಾರ್ರ, ಇಲ್ಲ ಅಂದ್ರ ವಜಾ, ಲೆಕ್ಕ ಇಲ್ಲ ಅಂದ್ರ ಜೇಲು. ಏನಾರ ಒಂದು ಅಂಕಿ ಕೊಟ್ಟುಬಿಡ್ರಿ, ಪರವಾನಗಿ ಸಿಗತದ," ಎಂದರು ಶಂಭುಲಿಂಗಪ್ಪ.

"ಯಾವ ಅಂಕಿ ಕೊಡಲಿ? ಒಂದು ಹರಳು ಉಪ್ಪಿನ್ಯಾಗ ಎಷ್ಟು ಅವ ಅಂತ ಬರೀಬೇಕಂದ್ರ ಸೊನ್ನಿ ಹಾಕ್ಕೋತ ಮಾನ್ವಿ ತನಕ ಹೋಗಬೇಕು."

ಜಿಲಾನಿ ಪಾಷಾ ಮೆಲ್ಲನೆ ಹೇಳಿದರು: "ಮಾಸ್ತರ್ ಸಾಬ್, ದಫ್ತರ ಕಂಡಿದ್ದನ್ನಷ್ಟ ಬರಕೋತದ. ಅವತ್ತು ಹಲಗಿ ಮ್ಯಾಲ ನಾವು ಕಂಡಿದ್ದು ಎರಡು. ಎರಡು ಅಂತ ಬರೀರಿ. ಅದು ಸುಳ್ಳಲ್ಲ. ಉಳಿದವು ದಫ್ತರಕ್ಕ ಕಂಡಿಲ್ಲ."

ಮಾಸ್ತರರು ಬಹಳ ಹೊತ್ತು ಇಪ್ಪತ್ಮೂರು ಹೆಸರುಗಳನ್ನು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ದಸ್ತಖತ್ ಮಾಡಿದರು. ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಉಂಡರು.

ಪರಿಶೀಲನೆ ನಡೆಯಿತು. ಪರಮಾಣು ಎರಡು, ಸ್ಥಳ ಕರಿಹಲಗೆ. ಜಿಲಾನಿ ಪಾಷಾ ಸ್ಟೂಲು ಹತ್ತಿ ಚುಕ್ಕೆಗಳನ್ನು ಎಣಿಸಿದರು. ಸೋಡಿಯಂನಲ್ಲಿ ಹನ್ನೊಂದು, ಕ್ಲೋರಿನ್‌ನಲ್ಲಿ ಹದಿನೇಳು, ಒಟ್ಟು ಇಪ್ಪತ್ತೆಂಟು. ಒಂದು ಚುಕ್ಕೆ ಅತ್ತಿಂದಿತ್ತ ಹೋದರೂ ಒಟ್ಟು ಅಷ್ಟೇ ಉಳಿಯುತ್ತದೆಂದು ಕೇಳಿ ವೆಂಕೋಬರಾಯರಿಗೆ ವಿಜ್ಞಾನದ ಮೇಲೆ ಮೊದಲ ಸಲ ಗೌರವ ಮೂಡಿತು. ಶಾಲೆಯ ಬಾಗಿಲು ತೆರೆಯಿತು.

ನಿಯಮಗಳು ಜಾರಿಗೆ ಬಂದವು. ಆ ಕರಿಹಲಗೆಯನ್ನು ಒರೆಸತಕ್ಕದ್ದಲ್ಲ. ಒರೆಸುವುದು ಅಪಾಯಕಾರಿ ಪದಾರ್ಥದ ಅಕ್ರಮ ನಾಶವೆನಿಸುವುದು. ಶಾಲೆಯಲ್ಲಿ ಇದ್ದದ್ದು ಒಂದೇ ಹಲಗೆಯಾದ್ದರಿಂದ ಗಣಿತವನ್ನು ಬಾಯಿಮಾತಿನಲ್ಲಿ ಕಲಿಸಲಾಯಿತು. ಹಲಗೆಯ ಪಕ್ಕ ಕಾವಲಿಗೆ ಒಬ್ಬ ಜವಾನ ಬೇಕಾಯಿತು. ರಾಜ್ಯದಲ್ಲೆಲ್ಲ ಹುಡುಕಿದಾಗ ಅರ್ಹನಾದವನು ವೆಂಕೋಬರಾಯರ ಭಾವಮೈದುನ ಒಬ್ಬನೇ ಸಿಕ್ಕನು.

ಅಯಾನಿಕ ಬಂಧ ಕಲಿಸುವಾಗ ಎಲೆಕ್ಟ್ರಾನು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಬೇಕಾಗುತ್ತದಲ್ಲ, ಅದಕ್ಕೆ ಪೂರ್ವಾನುಮತಿ ಬೇಕಿತ್ತು. ಮಾಸ್ತರರು ಅರ್ಜಿ ಹಾಕಿದರು. ಏಳು ವಾರದ ಮೇಲೆ ಆದೇಶ ಬಂತು:

"ಸೋಡಿಯಂನ ಹೊರ ಉಂಗುರದಲ್ಲಿ ಕೆಲಸ ಮಾಡುತ್ತಿರುವ ಎಲೆಕ್ಟ್ರಾನನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಕ್ಲೋರಿನ್‌ಗೆ ವರ್ಗಾಯಿಸಲಾಗಿದೆ. ಪ್ರಯಾಣಭತ್ಯೆ ಇರುವುದಿಲ್ಲ. ಪಾಠ ಮುಗಿದ ಕೂಡಲೇ ಮೂಲ ಸ್ಥಾನದಲ್ಲಿ ಹಾಜರಾಗತಕ್ಕದ್ದು."

ಮಾಸ್ತರರು ಆದೇಶವನ್ನು ತರಗತಿಗೆ ಓದಿ ಹೇಳಿ, ಒಂದು ಚುಕ್ಕೆಯನ್ನು ಅತ್ತ ಸರಿಸಿ, ಪಾಠ ಮುಗಿಸಿ, ಇತ್ತ ಸರಿಸಿದರು. ಜವಾನ ಎರಡೂ ಸಲ ಎದ್ದು ನಿಂತನು. ಇಪ್ಪತ್ಮೂರು ಮಂದಿಯಲ್ಲಿ ಹತ್ತೊಂಬತ್ತು ಮಂದಿ ಪಾಸಾದರು. ಪರಮಾಣು ಎಂದರೇನು ಎಂಬ ಪ್ರಶ್ನೆಗೆ ನಾಲ್ವರು 'ಎಲ್ಲ ವಸ್ತುಗಳಲ್ಲಿಯೂ ಇರುವಂಥದ್ದು' ಎಂದು ಬರೆದಿದ್ದರು. ಫೇಲಾದವರು ಆ ನಾಲ್ವರೇ.

ಈ ನಡುವೆ ಪಕ್ಕದ ತಾಲ್ಲೂಕಾದ ಮಾನ್ವಿಯವರಿಗೆ ಸುದ್ದಿ ಮುಟ್ಟಿತು. ದೇವದುರ್ಗಕ್ಕೆ ಎರಡು, ನಮಗೆ ಒಂದೂ ಇಲ್ಲ, ನಾವೇನು ಮಲತಾಯಿ ಮಕ್ಕಳೇ ಎಂದು ಮುಖಂಡರು ಬಂಡಿ ಕಟ್ಟಿಕೊಂಡು ರಾಯಚೂರಿಗೆ ಹೋದರು. ನ್ಯಾಯವಾದ ಬೇಡಿಕೆಯೆಂದು ಮಾನ್ವಿಗೆ ಒಂದು ಹೈಡ್ರೋಜನ್ ಮಂಜೂರಾಯಿತು. ಮಾಸ್ತರರು ಅದನ್ನು ಪಾಟಿಯ ಮೇಲೆ ಬರೆದುಕೊಟ್ಟರು, ಬಟ್ಟೆ ಮುಚ್ಚಿ ಬಸ್ಸಿನಲ್ಲಿ ಒಯ್ದರು. ಮಲ್ಲಟವೆಂಬ ಹಳ್ಳಿಯಿಂದಲೂ ಅರ್ಜಿ ಬಂದಿತ್ತು. ಜನಸಂಖ್ಯೆ ಸಾಲದೆಂದು ಅವರಿಗೆ ಒಂದು ಎಲೆಕ್ಟ್ರಾನನ್ನು ಮಾತ್ರ ಕೊಡಲಾಯಿತು. ಅವರು ಡೊಳ್ಳು ಬಾರಿಸಿ ಬರಮಾಡಿಕೊಂಡರು. ಶಂಭುಲಿಂಗಪ್ಪನವರು ಗಿರಣಿಗೆ ಆರು ಪರಮಾಣುಗಳ ಖಾಸಗಿ ಪರವಾನಗಿ ಪಡೆದರು. ಅಂದಿನಿಂದ ಅಕ್ಕಿ ಕಳುವಾಗುವುದು ನಿಂತಿತು. ಪರಮಾಣು ಇದ್ದ ಗಿರಣಿಗೆ ಕಾಲಿಡಲು ಯಾವ ಕಳ್ಳನಿಗೆ ಧೈರ್ಯ?

ಸನ್ ೧೯೪೮ರಲ್ಲಿ ಹುಕೂಮತ್ ಬದಲಾಯಿತು. ನವೆಂಬರಿನಲ್ಲಿ ಹೊಸ ಸರಕಾರದ ಅಧಿಕಾರಿಯೊಬ್ಬರು ಚಾರ್ಜು ತೆಗೆದುಕೊಳ್ಳಲು ದೇವದುರ್ಗಕ್ಕೆ ಬಂದರು. ಅವರು ಖಾದಿಯವರು, ಹಳೆಯದನ್ನೆಲ್ಲ ಕಿತ್ತುಹಾಕುತ್ತೇವೆಂದು ಬಸ್‌ಸ್ಟ್ಯಾಂಡಿನಲ್ಲೇ ಭಾಷಣ ಮಾಡಿದ್ದರು. ಜಗನ್ನಾಥ ಮಾಸ್ತರರು ಬಾಗಿಲ ಬಳಿ ನಿಂತರು. ಈಗ ಸತ್ಯ ಹೇಳಿಬಿಡಬೇಕೆಂದು ಅವರು ಮೂರು ವರ್ಷದಿಂದ ಕಾದಿದ್ದರೆಂದು ತುಳಸಿಬಾಯಿ ತಿಳಿದಿದ್ದರು. ಅಂದು ಮುಂಜಾನೆ ಮಡಿ ಧೋತರವನ್ನೂ ತೆಗೆದಿಟ್ಟಿದ್ದರು.

ಅಧಿಕಾರಿಗಳು ರಜಿಸ್ಟರು ತೆರೆದು ಚುಕ್ಕೆ ಎಣಿಸಿದರು. ಇಪ್ಪತ್ತೇಳು. ಮತ್ತೆ ಎಣಿಸಿದರು. ಇಪ್ಪತ್ತೇಳು. ರಜಿಸ್ಟರು ಹೊತ್ತು ಜೊತೆಗೆ ಬಂದಿದ್ದ ಜಿಲಾನಿ ಪಾಷಾ ತಾವೇ ಬರೆದ ಅಂಕಿಯ ಮೇಲೆ ಬೆರಳಿಟ್ಟು ನೋಡಿದರು.

"ಒಂದು ಎಲ್ಲಿ ಹೋತು?" ಎಂದರು ಅಧಿಕಾರಿಗಳು. "ಇದು ಸ್ವತಂತ್ರ ದೇಶದ ಆಸ್ತಿ. ಹಿಂದಿನವರ ಕಾಲದಾಗ ಆದಂಗ ನಮ್ಮ ಕಾಲದಾಗ ಕಳುವು ಆಗಂಗಿಲ್ಲ."

ಮಾಸ್ತರರು ಮುಂದೆ ಬಂದರು. ಸುಣ್ಣದ ಕಡ್ಡಿ ತೆಗೆದುಕೊಂಡರು. ಕ್ಲೋರಿನ್ನಿನ ಹೊರ ಉಂಗುರದಲ್ಲಿ ಮಳೆಗಾಲದ ತೇವಕ್ಕೆ ಅಳಿಸಿಹೋಗಿದ್ದ ಜಾಗದಲ್ಲಿ ಒಂದು ಚುಕ್ಕೆಯಿಟ್ಟರು. "ಇಲ್ಲೇ ಅದ ನೋಡ್ರಿ. ಸ್ವಲ್ಪ ಮಸುಕಾಗಿತ್ತು."

ಅಧಿಕಾರಿಗಳು ತಾಳೆಯಾಗಿದೆ ಎಂದು ದಸ್ತಖತ್ ಮಾಡಿ, ಕಾವಲಿನ ಜವಾನನನ್ನು ಖಾಯಂ ಮಾಡಿ, ರಾಯಚೂರಿಗೆ ಹೋದರು.

ಮಾಸ್ತರರೂ ಜಿಲಾನಿ ಪಾಷಾರೂ ಕೂಡಿ ಪೇಟೆಯ ದಾರಿ ಹಿಡಿದರು. ಸ್ವಲ್ಪ ದೂರ ಹೋದ ಮೇಲೆ ಪಾಷಾ ದನಿ ತಗ್ಗಿಸಿ ಕೇಳಿದರು: "ಮಾಸ್ತರ್ ಸಾಬ್, ಈಗ ಯಾರೂ ಇಲ್ಲ. ಖರೇ ಹೇಳ್ರಿ. ಒಟ್ಟು ಎಷ್ಟು ಅವ?"

"ಎರಡು."

"ದಫ್ತರದ ಲೆಕ್ಕ ಅಲ್ರೀ. ಖರೇನ ಎಷ್ಟು?"

ಮಾಸ್ತರರು ನಿಂತರು. ರಸ್ತೆಯ ಧೂಳು, ಎದುರಿನ ಗೋಡೆ, ಅದರ ಮೇಲೆ ಕುಳಿತ ಕಾಗೆ, ಎಲ್ಲವನ್ನೂ ಒಂದು ಸಲ ನೋಡಿದರು. ನೋಡಿ, ಗುಮಾಸ್ತರಿಗೆ ಇಷ್ಟೂ ತಿಳಿಯದಲ್ಲ ಎಂಬ ಕನಿಕರದಿಂದ ಅವರ ಹೆಗಲ ಮೇಲೆ ಕೈಯಿಟ್ಟರು.

"ಎರಡ ರೀ, ಪಾಷಾ ಸಾಬ್. ಸ್ಟೂಲು ಹತ್ತಿ ನೀವ ನೋಡೀರಲ್ಲ."

ಜಿಲಾನಿ ಪಾಷಾ ಸ್ವಲ್ಪ ಹೊತ್ತು ವಿಚಾರ ಮಾಡಿದರು. ಹೌದು, ಅವರೇ ನೋಡಿದ್ದರು.