ರೆಂಚಿನ ಮೈಮೇಲೆ ದೇವಿ

“ಇವತ್ತಿನಿಂದ ಈ ಗ್ಯಾರೇಜಿನ್ಯಾಗ ಒಂದು ನಟ್ಟೂ ಹೆಣ್ಣುಮಗಳ ಕಾಲಿಲೆ ಬಿಚ್ಚಂಗಿಲ್ಲ! ಹೊಸಾ ಮಷಿನ್ ತರ್ತೀನಿ. ಇದು ಸಾಯಬಣ್ಣ ಮೇಸ್ತ್ರಿ ಮಾತು!”

ಎಪ್ಪತ್ಮೂರನೆಯ ಇಸವಿಯ ದಸರೆ ಹತ್ತಿರ ಬರುತ್ತಿದ್ದಾಗ ಸಾಯಬಣ್ಣ ಎದೆ ತಟ್ಟಿಕೊಂಡು ಮಾಡಿದ ಈ ಭೀಷ್ಮಪ್ರತಿಜ್ಞೆಗೆ ಮುಂಬಯಿಯ ಕಾಂದಿವಲಿಯ ಆ ತಗಡಿನ ಛಾವಣಿಯೇನೂ ನಡುಗಲಿಲ್ಲ. ಪರದೆಯ ಆಚೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಇಂದ್ರಾಬಾಯಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. ಕಬ್ಬಿಣದ ಮಂಚದ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ ತಾಯಿ ರಾಚವ್ವ ಮಾತ್ರ, “ಎದಿ ಅಷ್ಟ ಜೋರ ಬಡಕೋಬ್ಯಾಡೋ ಯಪ್ಪಾ, ಎಲವು ಮುರದಾವು” ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸಾಯಬಣ್ಣನ ಕೈಯಲ್ಲಿ ವಿದ್ಯೆ ಇತ್ತು, ಮೈಯಲ್ಲಿ ತೂಕ ಇರಲಿಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನ ರಸ್ತೆಗೆ ಮುಖ ಮಾಡಿದ ಅವನ ಶೆಡ್ಡಿನಲ್ಲಿ ಮುಂದೆ ಗ್ಯಾರೇಜು, ನಡುವೆ ಒಂದು ಪರದೆ, ಹಿಂದೆ ಸಂಸಾರ. ಮಳೆಗಾಲವೆಲ್ಲ ನೆನೆದ ಲಾರಿಗಳ ಗಾಲಿಯ ನಟ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಸಾಯಬಣ್ಣ ನಟ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ, ಕುಣಿದು, ಜಿಗಿದು, ಮನೆದೇವರನ್ನು ನೆನೆದು, ಕೊನೆಗೆ ಇಳಿದು ಪರದೆಯ ಕಡೆ ತಿರುಗಿ ಮೆತ್ತಗೆ, “ಇಂದ್ರಾ, ಒಂದೀಟು ಬರ್ತೀ ಏನು?” ಎನ್ನುತ್ತಿದ್ದ. ಇಂದ್ರಾಬಾಯಿ ಹಿಟ್ಟಿನ ಕೈಯನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು ಬರುತ್ತಿದ್ದಳು. ಪೈಪಿನ ಮೇಲೆ ಒಂದು ಕಾಲಿಡುತ್ತಿದ್ದಳು. ಎರಡನೆಯ ಕಾಲು ಇಡುವ ಮೊದಲೇ ನಟ್ಟು ‘ಕಿರ್’ ಎಂದು ಶರಣಾಗುತ್ತಿತ್ತು! ಡ್ರೈವರುಗಳು ಚಪ್ಪಾಳೆ ಹೊಡೆಯುತ್ತಿದ್ದರು. ಅವಳು ಏನೂ ಆಗಿಲ್ಲವೆಂಬಂತೆ ಒಳಗೆ ಹೋಗಿ ಮುಂದಿನ ರೊಟ್ಟಿ ಬಡಿಯುತ್ತಿದ್ದಳು.

ಇಷ್ಟು ವರ್ಷ ಹೀಗೇ ನಡೆದಿತ್ತು. ಆದರೆ ಆ ದಿನ ಧರ್ಮಣ್ಣ ಬಾಯಿ ಬಿಟ್ಟ. ಧರ್ಮಣ್ಣ ಅವರದೇ ಜಿಲ್ಲೆಯವನು, ಸ್ವಂತ ಲಾರಿ ಓಡಿಸುವವನು, ಗ್ಯಾರೇಜಿಗೆ ಬಹಳ ಬೇಕಾದ ಗಿರಾಕಿ. ಅವನು ಇಂದ್ರಾಬಾಯಿಗೆ ಕೈ ಮುಗಿದು, ನಾಲ್ಕು ಜನರೆದುರು ಗಟ್ಟಿಯಾಗಿ ಕೇಳಿಬಿಟ್ಟ.

“ಅಲ್ಲೋ ಸಾಯಬಣ್ಣ, ಇಲ್ಲಿ ಮೇಸ್ತ್ರಿ ಯಾರು? ನೀನೋ, ವೈನಿಯೋ?”

ನಾಲ್ಕು ಜನ ನಕ್ಕರು. ಮುಂಬಯಿಗೆ ಬಂದು, ಫುಟ್‌ಪಾತಿನ ಮೇಲೆ ಪಂಕ್ಚರ್ ತಿದ್ದಿ, ಹೆಸರಿನ ಮುಂದೆ ‘ಮೇಸ್ತ್ರಿ’ ಅನ್ನಿಸಿಕೊಳ್ಳಲು ಸಾಯಬಣ್ಣ ಪಟ್ಟ ಪಾಡು ಅವನಿಗೇ ಗೊತ್ತು. ಆ ಒಂದು ಮಾತು ಕೈಬಿಟ್ಟು ಹೋಗುವುದಾದರೆ ಗ್ಯಾರೇಜು ಇದ್ದೇನು, ಬಿಟ್ಟೇನು!

ಪಕ್ಕದ ಶೆಡ್ಡಿನ ಅಮೀರಸಾಬ ಮೋಟಾರಿಗೆ ತಂತಿ ಸುತ್ತುವವನು. ನಟ್ಟು ಬಿಚ್ಚುವ ಯಂತ್ರದ, ಇಂಪ್ಯಾಕ್ಟ್ ರೆಂಚಿನ, ಸುದ್ದಿ ಹೇಳಿದ್ದು ಅವನೇ.

“ಬಂದೂಕ ಇದ್ದಂಗ ಇರ್ತದ. ಬಾಯಿಗೆ ನಟ್ಟು ಕಚ್ಚಿಸಿ ಕುದರಿ ಒತ್ತಿದಿ ಅಂದ್ರ ತಿರಗಕೋತ ತಿರಗಕೋತ ಒಳಗ ಸುತ್ತಿಗಿ ಹೊಡದಂಗ ಹೊಡೀತದ. ನಟ್ಟಿನ ಅಪ್ಪನೂ ಬರ್ತಾನ.”

“ತೂಕ ಹಾಕೂದು ಬ್ಯಾಡ?”

“ತೂಕ ಯಾಕಪಾ? ಬೆರಳು ಸಾಕು.”

ಸಾಯಬಣ್ಣ ತನ್ನ ಬೆರಳನ್ನು ನೋಡಿಕೊಂಡ. ಬೆರಳು ಬೇಕಾದಷ್ಟಿತ್ತು!

ಇಂದ್ರಾಬಾಯಿ ಒಪ್ಪಿದಳು. ಆದರೆ ಒಂದು ಷರತ್ತು ಹಾಕಿದಳು. “ತರೂದು ತರ್ತೀರಿ, ಅದು ಮನೀಗೂ ಉಪಯೋಗ ಬರಬೇಕು. ಬರೇ ಲಾರಿಗಂತ ಆದ್ರ ಬ್ಯಾಡ. ಅತ್ತಿ ಮಂಚ ಅಲಗಾಡತದ, ಅದನ್ನ ಬಿಗೀಬೇಕು.”

ಮನೆಗೂ ಸೈ, ಅಂಗಡಿಗೂ ಸೈ ಎನ್ನುವ ಯಂತ್ರವನ್ನು ಹುಡುಕಿಕೊಂಡು ಇಬ್ಬರು ಗೆಳೆಯರು ಲೋಕಲ್ ರೈಲು ಹತ್ತಿ ಚೋರ್ ಬಜಾರಿಗೆ ಹೋದರು. ಅಲ್ಲಿನ ಹಳೆ ಸಾಮಾನಿನ ಅಂಗಡಿಯವನೊಬ್ಬ ಒಂದರ ಪಕ್ಕ ಒಂದು ರೆಂಚು ಇಟ್ಟು, ಹೆಣ್ಣು ತೋರಿಸುವವರ ಹಾಗೆ ಗುಣಗಾನ ಶುರು ಮಾಡಿದ. ಸಾಯಬಣ್ಣ ಮೊದಲು ಮೆಚ್ಚಿದ್ದು ಗಾಳಿಯಿಂದ ಓಡುವುದನ್ನು. ಹಗುರ, ಚೆಂದ, ಮಿರಮಿರ ಮಿಂಚುತ್ತಿತ್ತು.

“ಇದಕ ಗಾಳಿ ಎಲ್ಲಿಂದ ತರ್ತೀ?” ಎಂದ ಅಮೀರಸಾಬ.

“ನನ್ನ ಕಾಲಪಂಪ್ ಐತಲ್ಲ!”

“ಆಳೆತ್ತರ ಗಾಳಿ ಟಾಕಿ ಬೇಕಪಾ ಇದಕ, ಮ್ಯಾಲ ಒಂದು ಮೋಟಾರ್ ಬೇಕು. ಕಾಲಪಂಪ್ ಹೊಡಕೋತ ಕುಂತ್ರ ನೀನಾ ಗಾಳಿ ಆಗತಿ, ನಟ್ಟು ಅಲ್ಲೇ ಇರ್ತದ.”

ಎರಡನೆಯದು ಕೈಯಲ್ಲಿ ಹಿಡಿದು ಹಿಂದಿನಿಂದ ಸುತ್ತಿಗೆಯಲ್ಲಿ ಬಡಿಯುವಂಥದ್ದು. ಸಣ್ಣ ಸ್ಕ್ರೂಗಳಿಗೆ ಸರಿ, ಲಾರಿಯ ಗಾಲಿಗೆ ಅದು ಗುದ್ದಿದ್ದೂ ಗೊತ್ತಾಗುವುದಿಲ್ಲವೆಂದು ಅಮೀರಸಾಬ ಪಕ್ಕಕ್ಕಿಟ್ಟ. ಮೂರನೆಯದು ಕರೆಂಟಿನದು. ಯಾವುದೋ ಹಡಗಿನಿಂದ ಇಳಿದು ಬಂದದ್ದಂತೆ. ಕುಂಬಳಕಾಯಿಯಷ್ಟು ಭಾರ, ಮೈಮೇಲಿನ ಬಣ್ಣವೆಲ್ಲ ಎದ್ದಿತ್ತು. ಅಂಗಡಿಯವನು ಪ್ಲಗ್ಗು ಸಿಕ್ಕಿಸಿ ಒತ್ತಿದ. ‘ಧರ್ರ್ರ್!’ ಎಂದ ಶಬ್ದಕ್ಕೆ ಎದುರು ಅಂಗಡಿಯ ಬೆಕ್ಕು ಓಡಿಹೋಯಿತು. ಸಾಯಬಣ್ಣನ ರೋಮ ನೆಟ್ಟಗಾದವು.

“ಮಾಲು ಖರೆ,” ಎಂದ ಅಮೀರಸಾಬ ಕುದುರೆಯನ್ನು ಅದುಮಿ ನೋಡುತ್ತ. “ಆದ್ರ ಇದರ ಸ್ಪ್ರಿಂಗ್ ಭಾಳ ಮೆತ್ತಗ ಐತಿ. ಸ್ವಲ್ಪ ಒತ್ತಿದ್ರ ಸಾಕು, ಶುರು ಆಗತದ. ಹುಷಾರಿ ಇರು. ಮತ್ತ ಇದರ ಬಾಯಿಗೆ ನಿನ್ನ ಮಾಮೂಲಿ ತೆಳುವಾದ ಸಾಕೆಟ್ ಹಾಕಬ್ಯಾಡ, ಒಡದು ಕಣ್ಣಿಗೆ ಬಡೀತದ. ಈ ಕರೀ ದಪ್ಪನ್ನವ ತಗೋ.”

ಸಾಯಬಣ್ಣನಿಗೆ ಸಾಕೆಟ್ಟಿನ ಮಾತು ಕೇಳಿಸಿತು, ಸ್ಪ್ರಿಂಗಿನ ಮಾತು ಕೇಳಿಸಲಿಲ್ಲ. ಅವನು ಆಗಲೇ ಮನಸ್ಸಿನಲ್ಲಿ ಧರ್ಮಣ್ಣನ ಲಾರಿಯ ಮುಂದೆ ನಿಂತು ಬಂದೂಕು ಗುರಿ ಹಿಡಿದಿದ್ದ.

ಮನೆಗೆ ಬಂದವನೇ ಮೊದಲು ಹೆಂಡತಿಯ ಷರತ್ತು ತೀರಿಸಲು ಮಂಚದ ಬೋಲ್ಟಿಗೆ ರೆಂಚು ಹಚ್ಚಿದ. ರಾಚವ್ವ ಮಂಚದ ಮೇಲೇ ಇದ್ದಳು.

“ಇಳೀಬೇಕೇನೋ?”

“ಯಾಕವ್ವ? ಕಣ್ಣ ಮುಚ್ಚಿ ತಗಿಯೂದ್ರಾಗ ಆಗತದ!”

ಅವನು ಹೇಳಿದ ಹಾಗೇ ಆಯಿತು. ‘ಧರ್ರ್ರ್’ ಎಂದಿತು, ಬೋಲ್ಟು ಬಿಗಿಯಿತು, ಇನ್ನೂ ಬಿಗಿಯಿತು, ಆಮೇಲೆ ಅದರ ತಲೆ ಹಾರಿ ಹಿಟ್ಟಿನ ಡಬ್ಬಿಗೆ ಬಡಿಯಿತು! ಮಂಚ ಒಂದು ಮೊಣಕಾಲೂರಿ ನಮಸ್ಕಾರ ಮಾಡಿತು. ರಾಚವ್ವ ಎಲೆ ಅಡಿಕೆ ಚೀಲದ ಸಮೇತ ಜಾರಿ ನೆಲಕ್ಕೆ ಬಂದಳು. ಪುಣ್ಯಕ್ಕೆ ಕೆಳಗೆ ಹಾಸಿಗೆ ಸುತ್ತಿಟ್ಟಿತ್ತು. ಅವಳು ಎದ್ದು ಕೂತು ಮಗನನ್ನು ಬೈಯಲಿಲ್ಲ. ಯಂತ್ರವನ್ನೇ ಗಾಬರಿಯಿಂದ ನೋಡಿದಳು.

“ಇದು ಸಾದಾ ಮಷಿನ್ ಅಲ್ಲೋ. ಇದರಾಗ ಸಿಟ್ಟ ಐತಿ. ಖಂಡೇನವಮಿ ದಿನಾ ಪೂಜಿ ಜೋರ ಮಾಡಿ ಶಾಂತ ಮಾಡಬೇಕು. ಅಲ್ಲೀತನಕ ಮುಟ್ಟಬ್ಯಾಡ.”

ಖಂಡೇನವಮಿ ಬಂತು. ಅಂದು ಹತಾರಗಳಿಗೆಲ್ಲ ಪೂಜೆ. ಪೂಜೆಗಿಟ್ಟ ಹತಾರವನ್ನು ಮರುದಿನ ದಶಮಿಯ ತನಕ ಕೆಲಸಕ್ಕೆ ಎತ್ತುವಂತಿಲ್ಲ. ಧರ್ಮಣ್ಣ ಲಾರಿ ತಂದು ಹೊರಗೆ ನಿಲ್ಲಿಸಿದ್ದ. ದಶಮಿಯ ದಿನ ಗಾಲಿ ಬದಲಿಸಿ, ಬನ್ನಿ ಕೊಟ್ಟು, ಘಟ್ಟದ ಘಾಟು ರಸ್ತೆ ಹತ್ತುವುದೆಂದು ಮಾತಾಗಿತ್ತು. ಸಂಜೆ ಆರತಿಗೆ ಅವನೂ ಬಂದ, ಅಮೀರಸಾಬನೂ ಬಂದ, ಅಕ್ಕಪಕ್ಕದ ಶೆಡ್ಡಿನವರೆಲ್ಲ ಬಂದರು. ಸಾಯಬಣ್ಣ ಮಡಿಸಿಟ್ಟಿದ್ದ ಧೋತರ ಉಟ್ಟು ಮದುಮಗನಂತೆ ಓಡಾಡುತ್ತಿದ್ದ. ಮೇಜಿನ ಮೇಲೆ ಪಾನಾಗಳು, ಇಕ್ಕಳಗಳು, ಜಾಕು. ನಟ್ಟ ನಡುವೆ ರೆಂಚು ಮಹಾರಾಯ. ಆರತಿ ಆದ ಕೂಡಲೇ ಎಲ್ಲರೆದುರು ಒಂದು ಸಲ ‘ಧರ್’ ಎನಿಸಬೇಕೆಂದು ಸಾಯಬಣ್ಣ ಪ್ಲಗ್ಗನ್ನು ಮೊದಲೇ ಸಿಕ್ಕಿಸಿ ಇಟ್ಟಿದ್ದ. ಕೆಲಸಕ್ಕೆ ಎತ್ತಬಾರದು, ಬರೀ ಧ್ವನಿ ಕೇಳಿಸಿದರೆ ಏನು ದೋಷ ಎಂಬುದು ಅವನ ಶಾಸ್ತ್ರ!

“ಲೈಟ್ ಆರಸೋ. ದೀಪದ ಬೆಳಕಿನ್ಯಾಗ ತಾಯಿ ಮುಖ ನೋಡೂಣು,” ಎಂದಳು ರಾಚವ್ವ.

ಶೆಡ್ಡಿಗೆಲ್ಲ ಇದ್ದದ್ದು ಒಂದೇ ಮೇನ್ ಸ್ವಿಚ್ಚು. ಸಾಯಬಣ್ಣ ಅದನ್ನು ಆರಿಸಿದ. ರಾಚವ್ವ ಅರಿಶಿನದಲ್ಲಿ ಅದ್ದಿದ ದಾರ ತೆಗೆದುಕೊಂಡು ಒಂದೊಂದು ಹತಾರಕ್ಕೂ ಒಂದೊಂದು ಸುತ್ತು ಸುತ್ತಿದಳು. ರೆಂಚಿಗೆ ಬಂದಾಗ ಮಂಚದ ನೆನಪಾಗಿರಬೇಕು, ಸುತ್ತಿದಳು, ಮತ್ತೆ ಸುತ್ತಿದಳು, ಸಿಟ್ಟಿನ ದೇವರನ್ನು ಕಟ್ಟಿಹಾಕುವ ಹಾಗೆ ಹಿಡಿಕೆಯನ್ನೂ ಕುದುರೆಯನ್ನೂ ಸೇರಿಸಿ ಬಿಗಿದು ಗಂಟು ಹಾಕಿದಳು. ಮೇಲೆ ಚೆಂಡು ಹೂವಿನ ದೊಡ್ಡ ಹಾರ ಬಿತ್ತು. ಗಂಟೆ ಮೊಳಗಿತು. ಆರತಿ ಆಯಿತು. ಎಲ್ಲರೂ ಕಣ್ಣಿಗೆ ಒತ್ತಿಕೊಂಡರು.

“ಇನ್ನ ಲೈಟ್ ಹಚ್ಚೋ ಸಾಯಬಣ್ಣ.”

ಹಚ್ಚಿದ.

‘ಧರ್ರ್ರ್ರ್ರ್!’

ಆಮೇಲೆ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ರೆಂಚು ಮೇಜಿನ ಮೇಲೆ ಗಿರಗಿರನೆ ತಿರುಗಿತು. ಹಾರ ಅದರ ಬಾಯಿಗೆ ಸಿಕ್ಕು ಹರಿದು ಹೂವಿನ ಮಳೆ ಸುರಿಯಿತು. ಕುಂಕುಮದ ಬಟ್ಟಲು ಹಾರಿ ಜನರೆಲ್ಲ ಕೆಂಪಾದರು. ಒಂದು ನಿಂಬೆಹಣ್ಣು ನೇರ ಹೋಗಿ ಧರ್ಮಣ್ಣನ ಹಣೆಗೆ ಬಡಿಯಿತು!

“ತಾಯಿ ಬಂದಳೋ! ಮಷಿನ್ ಮೈಮ್ಯಾಲ ತಾಯಿ ಬಂದಳೋ! ಅಡ್ಡ ಬೀಳ್ರೋ!” ಎಂದು ರಾಚವ್ವ ಕೂಗಿದಳು.

ಧರ್ಮಣ್ಣ ಮೊದಲು ಬಿದ್ದ, ಅವನ ಹಿಂದೆ ಎಲ್ಲರೂ ಬಿದ್ದರು. “ಅವ್ವಾ, ಅದು ದಾರಾ! ದಾರಾ ಕುದರಿ ಒತ್ತೇತಿ!” ಎಂದು ಕಿರುಚುತ್ತ, ಗಾಬರಿಯಲ್ಲಿ ಮೇಜಿನ ತನಕ ಓಡಿ ಬಂದಿದ್ದ ಸಾಯಬಣ್ಣ ಮತ್ತೆ ಸ್ವಿಚ್ಚಿನ ಕಡೆ ಹೋಗಬೇಕೆಂದರೆ ಕಾಲಿಡಲು ಜಾಗವಿಲ್ಲ, ನೆಲದ ತುಂಬ ಭಕ್ತರು! ಅಷ್ಟರಲ್ಲಿ ರೆಂಚು ಮೇಜಿನಿಂದ ಕೆಳಗೆ ಹಾರಿತು. ನೇರ ಅವನ ಬಳಿಗೇ ಬಂತು. ಧೋತರದ ಚುಂಗು ಅದರ ಬಾಯಿಗೆ ಸಿಕ್ಕಿತು. ಯಂತ್ರ ಸುತ್ತಿಕೊಳ್ಳುತ್ತ ಹೋಯಿತು, ಸಾಯಬಣ್ಣ ಬುಗುರಿಯಂತೆ ತಿರುಗುತ್ತ ಹೋದ. ಧೋತರ ಪೂರ್ತಿ ಮುಗಿದಾಗ ಅವನು ಪಟ್ಟೆಪಟ್ಟೆ ಚಡ್ಡಿಯಲ್ಲಿ, ಮೈತುಂಬ ಕುಂಕುಮದಲ್ಲಿ, ಎರಡೂ ಕೈ ಎತ್ತಿ ನಿಂತಿದ್ದ.

ಒಳಗಿನಿಂದ ಇಂದ್ರಾಬಾಯಿ ಹೋಳಿಗೆಯ ಸೌಟು ಹಿಡಿದು ಬಂದಳು. ಎಲ್ಲರನ್ನೂ ಒಮ್ಮೆ ನೋಡಿದಳು. ಬಿದ್ದವರನ್ನು ದಾಟಿ ಹೋಗಿ ಸೌಟಿನ ಹಿಡಿಕೆಯಿಂದ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದಳು. ರೆಂಚು ಸುಮ್ಮನಾಯಿತು.

“ನೋಡಿದ್ರೇನ್ರೋ?” ಎಂದಳು ರಾಚವ್ವ ಕತ್ತಲಲ್ಲೇ. “ಗಂಡಸಿನ ಧೋತರ ಕಳದ್ಲು. ಹೆಣ್ಣುಮಗಳು ಬಂದ ಕೂಡಲೇ ಶಾಂತ ಆದ್ಲು. ಇನ್ನ ಮ್ಯಾಲ ಇದನ್ನ ಗಂಡಸರು ಮುಟ್ಟಂಗಿಲ್ಲ!”

ಸಾಯಬಣ್ಣ ಲುಂಗಿ ಸುತ್ತಿಕೊಂಡು, ದೀಪ ಹಿಡಿದು, ದಾರ ತೋರಿಸಿ, ಕುದುರೆ ತೋರಿಸಿ, ಸ್ಪ್ರಿಂಗಿನ ಶಾಸ್ತ್ರವನ್ನೆಲ್ಲ ವಿವರಿಸಿದ.

“ಹೌದೋ, ದಾರಾ ಒತ್ತಿದ್ದಕ್ಕ ಬಂದಳು. ಆದ್ರ ನನ್ನ ಕೈಲೆ ಅಲ್ಲೇ ದಾರಾ ಕಟ್ಟಿಸಿಕೊಂಡಾಕಿ ಯಾರು?” ಎಂದಳು ರಾಚವ್ವ.

ಸಾಯಬಣ್ಣ ಆಸರೆಗಾಗಿ ಅಮೀರಸಾಬನ ಮುಖ ನೋಡಿದ. ಅವನು ಮೀಸೆಯ ಕುಂಕುಮ ಒರೆಸಿಕೊಳ್ಳುತ್ತ, “ಭಾಯಿ, ಮೋಟಾರಿನ ಮಾತು ಕೇಳು, ಹೇಳತೀನಿ. ಮನೀ ಹೆಣ್ಣಮಕ್ಕಳ ಮಾತಿನ್ಯಾಗ ನಾ ತಲಿ ಹಾಕಂಗಿಲ್ಲ” ಎಂದು ಹೋಳಿಗೆಯ ಕಡೆ ನಡೆದ.

ದಶಮಿಯ ಬೆಳಿಗ್ಗೆ ಪೂಜೆ ಎತ್ತಿದರು. ಸಾಯಬಣ್ಣ ರೆಂಚಿಗೆ ಕೈ ಹಾಕಿದ್ದೇ ತಡ, ಹಣೆಯ ಮೇಲೆ ನಿಂಬೆಹಣ್ಣಿನಷ್ಟೇ ಬುಗುಟು ಹೊತ್ತಿದ್ದ ಧರ್ಮಣ್ಣ ಅಡ್ಡ ನಿಂತ.

“ನೀ ಮುಟ್ಟಬ್ಯಾಡೋ ಮಾರಾಯಾ! ನನ್ನ ಲಾರಿ ಘಾಟು ಹತ್ತಬೇಕು, ಇಳೀಬೇಕು. ವೈನಿ ಮುಟ್ಟಲಿ.”

“ಅಕಿಗೇನು ಗೊತ್ತೈತಿ?”

“ಗೊತ್ತಿರಬೇಕಾದಾಕಿ ಮಷಿನ್ನಿನ್ಯಾಗ ಇದ್ದಾಳಲ್ಲ!”

ಸಾಯಬಣ್ಣ ಹೆಂಡತಿಯನ್ನು ಪರದೆಯ ಹಿಂದೆ ಕರೆದು ಅಂಗಲಾಚಿದ. “ನೀನರ ಹೇಳ ಇಂದ್ರಾ. ಅದು ದಾರಾ ಒತ್ತಿದ್ದು ನಿನಗ ಗೊತ್ತೈತಿಲ್ಲ?”

“ಗೊತ್ತೈತಿ. ಗಂಟು ನಾನಾ ಬಿಚ್ಚೀನಿ.”

“ಮತ್ತ ಹೇಳು!”

“ಯಾಕ ಹೇಳಲಿ? ಇಷ್ಟ ವರ್ಷ ಕರದಾಗೊಮ್ಮೆ ಬಂದು ಪೈಪಿನ ಮ್ಯಾಲ ನಿಂತೀನಿ. ಮಂದಿ ನಕ್ಕಾರ. ನೀವೂ ಒಳಗೊಳಗ ನಾಚಗೊಂಡೀರಿ. ಒಮ್ಮೆ ನಾನೂ ಬಂದೂಕ ಹಿಡದ ನೋಡತೀನಿ, ಸರೀರಿ.”

ಅವಳಿಗೂ ಬೇಜಾರಾಗುತ್ತಿತ್ತು ಎಂಬುದು ಸಾಯಬಣ್ಣನಿಗೆ ಹೊಳೆದೇ ಇರಲಿಲ್ಲ. ಅವನು ಸರಿದು ನಿಂತ.

ಇಂದ್ರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಂಬಳಕಾಯಿ ಭಾರದ ರೆಂಚನ್ನು ತಂಬಿಗೆ ಎತ್ತಿದಷ್ಟು ಸಲೀಸಾಗಿ ಎತ್ತಿದಳು. “ಯಾವ ಕಡೆ ತಿರಗಬೇಕು?” ಎಂದು ಗಂಡನನ್ನು ಕೇಳಿದಳು. ಅವನು ಬಿಚ್ಚುವ ಕಡೆಗೆ ಗುಂಡಿ ಸರಿಸಿಕೊಟ್ಟ. ‘ಧರ್ರ್ರ್!’ ನಟ್ಟು ಉರುಳಿತು. ಇನ್ನೊಂದು ಉರುಳಿತು. ಅವಳು ಜಾತ್ರೆಯಲ್ಲಿ ಪೀಪಿ ಸಿಕ್ಕ ಮಗುವಿನ ಹಾಗೆ ಗಟ್ಟಿಯಾಗಿ ನಕ್ಕಳು. ಮದುವೆಯಾದಾಗಿನಿಂದ ಸಾಯಬಣ್ಣ ಆ ನಗೆ ಕೇಳಿರಲಿಲ್ಲ. ಅವನಿಗೆ ಹೊಟ್ಟೆಕಿಚ್ಚಾಯಿತು, ಅದರ ಮೇಲೆ ಖುಷಿಯೂ ಆಯಿತು.

“ಏನ್ರೀ, ನೋಡಕೋತ ಏನ ನಿಂತೀರಿ? ಒಲಿ ಮ್ಯಾಲ ರೊಟ್ಟಿ ಐತಿ, ತಿರವಿ ಹಾಕ್ರಿ!”

ಅವನು ಓಡಿ ಹೋಗಿ ತಿರುವಿ ಹಾಕಿದ.

ರೆಂಚಿನ ಮಹಿಮೆ ಎಸ್ಟೇಟು ದಾಟಿ ಹೆದ್ದಾರಿಗೆ ಮುಟ್ಟಿತು. ದೇವಿಯ ಕೈಯಿಂದ ಗಾಲಿ ಬಿಗಿಸಿಕೊಂಡರೆ ಘಾಟಿನಲ್ಲಿ ಭಯವಿಲ್ಲವೆಂದು ಲಾರಿಗಳು ಸಾಲುಗಟ್ಟಿದವು. ಇಂದ್ರಾಬಾಯಿಗೆ ರೊಟ್ಟಿ ಬಡಿಯಲು ಪುರುಸೊತ್ತಿಲ್ಲವಾಯಿತು. ಹಸಿವು ಯಾರ ಶಾಸ್ತ್ರವನ್ನೂ ಕೇಳುವುದಿಲ್ಲವಲ್ಲ, ಸಾಯಬಣ್ಣ ಬಡಿಯಲು ಕೂತ. ಅವನ ಪ್ರಕಾರ ರೊಟ್ಟಿ ಚೆನ್ನಾಗಿಯೇ ಬರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಸೊಲ್ಲಾಪುರದ ಕಡೆಯ ಹೊಸ ಡ್ರೈವರನೊಬ್ಬ ಬಂದ. ಅಂದು ಪರದೆ ಒಗೆಯಲು ಹೋಗಿತ್ತು. ಸಾಯಬಣ್ಣ ಹಿಟ್ಟಿನ ಕೈಯಲ್ಲೇ ಎದ್ದು ಘನವಾಗಿ ಹೇಳಿದ.

“ಬರ್ರಿ, ಬರ್ರಿ. ನಾನಾ ಸಾಯಬಣ್ಣ ಮೇಸ್ತ್ರಿ. ಏನಾಗಬೇಕಿತ್ತು?”

ಡ್ರೈವರ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಒಲೆಯ ಪಕ್ಕ ಒಂದರ ಮೇಲೊಂದು ಒಟ್ಟಿದ್ದ ಅವನ ರೊಟ್ಟಿಗಳನ್ನು ನೋಡಿದ. ಬಗ್ಗಿ ಒಂದನ್ನು ಕೈಗೆತ್ತಿಕೊಂಡು, ಮಣಿಸಿ, ಎರಡೂ ಕೈಯಿಂದ ಎಳೆದು, ಹರಿಯದಿದ್ದಾಗ ಮೆಚ್ಚುಗೆಯಿಂದ ತಲೆದೂಗಿ, ಹೊರಗೆ ರೆಂಚು ಹಿಡಿದು ನಿಂತಿದ್ದ ಇಂದ್ರಾಬಾಯಿಯನ್ನು ಕೂಗಿ ಕೇಳಿದ.

“ಮೇಸ್ತ್ರಿಬಾಯಿ, ಈ ರಬ್ಬರ್ ಪ್ಯಾಚ್ ಏಕದಂ ಮಜಬೂತ್ ಅದಾವ! ನನ್ನ ಹಿಂದಿನ ಟಾಯರಿಗೆ ಒಂದು ಹಚ್ಚಿ ಕೊಡತೀರೇನು?”