ನೀರಿಗಿಳಿದ ಬಸ್ಸಿನಲ್ಲಿ ಅತ್ತೆ-ಮಾವ

ನಮ್ಮ ಮನೆಮಂದಿ ಸುಮ್ಮನೆ ಎಲ್ಲಿಗಾದರೂ ಹೋಗಿ ಸುಮ್ಮನೆ ವಾಪಸ್ ಬಂದದ್ದು ನನಗಂತೂ ನೆನಪಿಲ್ಲ. ನಾನು ಕೊಚ್ಚಿಯ ಕಲೂರಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿರುವವನು, ಸಂಸಾರವೂ ಅಲ್ಲೇ. ಕಳೆದ ರಜೆಗೆ ಮೈಸೂರಿನಿಂದ ಅತ್ತೆ-ಮಾವ ಬಂದಿದ್ದರು. ಮಾವ ಟೂರಿಸ್ಟ್ ಬಸ್ ಓಡಿಸಿ ನಿವೃತ್ತರಾದವರು. ಯಾರ್ಯಾರನ್ನೋ ಊರೂರು ಸುತ್ತಿಸಿದ್ದಾರೆ, ಹೆಂಡತಿಯ ಪಕ್ಕ ಪ್ರಯಾಣಿಕರಾಗಿ ಮಾತ್ರ ಒಮ್ಮೆಯೂ ಕೂತಿಲ್ಲ. ಅತ್ತೆಗೆ ಅದೊಂದು ಕೊರಗು. ಅದನ್ನು ತೀರಿಸೋಣವೆಂದು ನನ್ನ ಹೆಂಡತಿ, ನೆಲದ ಮೇಲೂ ನೀರಿನ ಮೇಲೂ ಓಡುವ ಪ್ರವಾಸಿ ಬಸ್ಸಿಗೆ ಟಿಕೆಟ್ ಮಾಡಿಸಿದಳು.

ಮಾವ ಮೂಗು ಮುರಿದರು. "ನೀರಲ್ಲಿ ಹೋಗೋ ಬಸ್ ನೋಡಕ್ಕೆ ಕೇರಳಕ್ಕೇ ಬರಬೇಕಾ? ಮಳೆ ಬಂದ್ರೆ ಬೆಂಗಳೂರಲ್ಲಿ ಎಲ್ಲಾ ಬಸ್ಸೂ ಹಂಗೇ ಹೋಗ್ತವೆ."

ಇಡೂ ಅಮ್ಮೇ

ಬಸ್ ಹತ್ತಿದ ಕೂಡಲೇ ಸಿಬ್ಬಂದಿಯೊಬ್ಬ ಎಲ್ಲರಿಗೂ ಲೈಫ್ ಜಾಕೆಟ್ ಹಂಚಿದ. ಅತ್ತೆಗೂ ಒಂದು ಕೊಟ್ಟು, "ಅಮ್ಮೇ, ಇದು ಇಡೂ" ಎಂದ. ಅತ್ತೆ ಪಕ್ಕದ ಸೀಟಿನ ಮೇಲೆ ಇಟ್ಟರು. ಅವನು ನಕ್ಕು ಮತ್ತೆ ಎತ್ತಿ ಕೊಟ್ಟು, "ಇಡೂ ಅಮ್ಮೇ" ಎಂದ. ಅತ್ತೆ ಕಾಲ ಬಳಿ ಇಟ್ಟರು. ಅವನು "ಇಡಣಂ, ಇಡಣಂ" ಎಂದು ಬೇಡಿಕೊಂಡಾಗ ಅತ್ತೆಗೆ ರೇಗಿತು.

"ಇನ್ನೆಲ್ಲಿ ಇಡಲಪ್ಪ? ನಿನ್ನ ತಲೆ ಮೇಲಾ?"

ಮಲಯಾಳದಲ್ಲಿ 'ಇಡು' ಎಂದರೆ ತೊಡು ಎಂದು ನಾನು ಬಿಡಿಸಿ ಹೇಳಿದೆ. ಅತ್ತೆ ತೊಟ್ಟುಕೊಂಡು ತಮ್ಮನ್ನೇ ನೋಡಿಕೊಂಡರು.

"ಇಟ್ಟಿದ್ದೇ ಚೆನ್ನಾಗಿತ್ತು. ಹೊಸ ರೇಷ್ಮೆ ಸೀರೆ, ಒಂಚೂರೂ ಕಾಣ್ತಿಲ್ಲ!"

ಮೂವರಲ್ಲಿ ಯಾರು?

ಫೋರ್ಟ್ ಕೊಚ್ಚಿಯ ಗಲ್ಲಿಗಳಲ್ಲಿ ಬಸ್ ತೆವಳುತ್ತಿತ್ತು. ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ಮಾವನಿಗೆ ಕನ್ನಡದಲ್ಲಿ ಒಪ್ಪಿಸುತ್ತಿದ್ದೆ. "ಇಲ್ಲಿಗೆ ಮೊದಲು ಪೋರ್ಚುಗೀಸರು ಬಂದ್ರಂತೆ, ಆಮೇಲೆ ಡಚ್ಚರು, ಆಮೇಲೆ ಬ್ರಿಟಿಷರು."

ಮಾವ ಗಂಭೀರವಾಗಿ ತಲೆಯಾಡಿಸಿದರು. "ಈ ರಸ್ತೆ ಇಷ್ಟು ಇಕ್ಕಟ್ಟು ಮಾಡಿದ್ದು ಆ ಮೂವರಲ್ಲಿ ಯಾರು, ಕೇಳಿ."

ಪೇಡಿ

ಬಸ್ ನೀರಿನ ಅಂಚಿಗೆ ಬಂತು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳ. ಅಜ್ಜಿಯ ಮುಖ ಬಿಳಿಚಿದ್ದು ಕಂಡು, ಹೆದರಿಕೆಯಾ ಎನ್ನಲು "ಅಜ್ಜೀ, ಪೇಡಿಯುಂಡೋ?" ಎಂದಳು.

ಅತ್ತೆ ಚೀಲಕ್ಕೆ ಕೈ ಹಾಕಿದರು. "ಪೇಡಾ ತರಲಿಲ್ಲ ಪುಟ್ಟಿ, ಮೈಸೂರ್ ಪಾಕ್ ಇದೆ, ತಗೋ."

ಗೇರು

ಬಸ್ ಇಳಿಜಾರಿನಲ್ಲಿ ಮೂತಿ ತಗ್ಗಿಸಿ ನೇರ ನೀರಿಗೇ ಹೊರಟಿತು. ಮಾವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಧಡ್ ಎಂದು ನೀರು ಎರಚಿತು, ಎಲ್ಲರೂ ಕಿರುಚಿದರು. ನೋಡಿದರೆ ಮಾವ ಎಡಗೈಯಲ್ಲಿ ಅತ್ತೆಯ ಕೈಯನ್ನು ಬಿಗಿಯಾಗಿ ಹಿಡಿದಿದ್ದಾರೆ.

ಅತ್ತೆಯ ಕಣ್ಣಲ್ಲಿ ನೀರಾಡಿತು. "ಮದುವೆ ಆದ್ಮೇಲೆ ಇವರು ನನ್ನ ಕೈ ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದು ಇವತ್ತೇ ಕಣೇ," ಎಂದರು ನನ್ನ ಹೆಂಡತಿಗೆ.

ಮಾವ ನಾಚಿ ಕೈ ಬಿಟ್ಟರು. "ಗೇರು ಅಂದ್ಕೊಂಡೆ."

ಇಳಿದು ತಳ್ಳಿ

ನೀರಿನ ನಟ್ಟನಡುವೆ ಎಂಜಿನ್ ಗಡಗಡ ಎಂದು ನಿಂತೇಹೋಯಿತು. ಡ್ರೈವರ್ ಕೀಲಿ ತಿರುಗಿಸಿದ, ಕೆಮ್ಮಿತು, ಹೊತ್ತಿಕೊಳ್ಳಲಿಲ್ಲ. ಅತ್ತೆ ಚಾಮುಂಡಿಯನ್ನು ನೆನೆಯತೊಡಗಿದರು.

ಮಾವ ಎದ್ದು ನಿಂತರು. ಇಷ್ಟು ವರ್ಷದ ಅಭ್ಯಾಸ, ಸುತ್ತ ಏನಿದೆ ಎಂದು ನೋಡಲೇ ಇಲ್ಲ.

"ಯಾರೂ ಗಾಬರಿ ಆಗಬೇಡಿ! ಗಂಡಸರೆಲ್ಲಾ ಕೆಳಗಿಳೀರಿ, ಒಂಚೂರು ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ!"

ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕನ್ನಡ ಬಾರದವರು ಪಿಳಿಪಿಳಿ ನೋಡಿದರು. ಆದರೆ ಹಿಂದಿನ ಸೀಟಿನಲ್ಲಿ ಇಲ್ಲಿನ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದ ಇಬ್ಬರು ಬೆಂಗಳೂರು ಹುಡುಗರಿದ್ದರು, ಅವರು ಪ್ಯಾಂಟು ಮಡಚಿಕೊಂಡು ಎದ್ದೇಬಿಟ್ಟಿದ್ದರು. ಒಬ್ಬನಂತೂ, "ಡೋರ್ ಯಾವ ಕಡೆ ಅಂಕಲ್?" ಎಂದು ಕೇಳಿದ.

ಅಷ್ಟರಲ್ಲಿ ಎಂಜಿನ್ ತಾನಾಗಿಯೇ ಗುರ್ ಎಂದಿತು. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಮಾವ ಅತ್ತೆಯ ಪಕ್ಕ ನೆಮ್ಮದಿಯಾಗಿ ಕೂತು ಮೀಸೆ ಸವರಿಕೊಂಡರು.

"ನೋಡಿದ್ಯಾ? ತಳ್ತೀವಿ ಅಂದ್ರೆ ಸಾಕು, ಗಾಡಿ ಮರ್ಯಾದೆಗೆ ಹೆದರಿ ಸ್ಟಾರ್ಟ್ ಆಗಿಬಿಡುತ್ತೆ."